ಪರಿಸರ ನಿಯಮ ಬಿಗಿ ಮಾಡಿದರೆ ನಿಜವಾಗಿ ಹೊಸ ತಂತ್ರಜ್ಞಾನ ಬರುತ್ತಾ, ಇಲ್ಲ ಸುಮ್ನೆ ಬೆಲೆ ಏರುತ್ತಾ?

ಎರಡೂ ಆಗುತ್ತದೆ. ನನ್ನದು ತುಮಕೂರಿನಲ್ಲಿ ಒಂದು ಬೈಕ್ ಗ್ಯಾರೇಜ್. ಕಣ್ಣಾರೆ ನೋಡಿದ ಬಿಎಸ್-6 (ಭಾರತ್ ಸ್ಟೇಜ್-6, ಗಾಡಿಯ ಹೊಗೆಗೆ ಮಿತಿ ಹಾಕುವ ನಿಯಮ) ವಿಷಯವನ್ನೇ ಹೇಳುತ್ತೇನೆ.

ಮೊದಲು ನಮ್ಮಲ್ಲಿಗೆ ಬರುತ್ತಿದ್ದ ನೂರು ಸಿಸಿ ಬೈಕ್‌ಗಳೆಲ್ಲ ಕಾರ್ಬ್ಯುರೇಟರ್‌ನವೇ, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಹಳೇ ಭಾಗ. ಸ್ಕ್ರೂಡ್ರೈವರ್ ಹಿಡಿದು, ಇಂಜಿನ್ ಸದ್ದಿಗೆ ಕಿವಿಗೊಟ್ಟು ಟ್ಯೂನಿಂಗ್ ಮಾಡುತ್ತಿದ್ದೆವು. ಪೆಟ್ರೋಲನ್ನು ಎಲೆಕ್ಟ್ರಾನಿಕ್ ಆಗಿ ಅಳೆದು ಸಿಂಪಡಿಸುವ ಫ್ಯುಯೆಲ್ ಇಂಜೆಕ್ಷನ್ ದುಬಾರಿ ಬೈಕ್‌ಗಳಲ್ಲಿ ಆಗಲೇ ಇತ್ತು. ಅಗ್ಗದ ಬೈಕಿಗೆ ಹಾಕುವ ಅವಸರ ಯಾರಿಗೂ ಇರಲಿಲ್ಲ. ಗಿರಾಕಿ ಕೇಳುವುದು ಮೈಲೇಜು. ಹೊಗೆ ಎಷ್ಟು ಅಂತ ಯಾರಾದರೂ ಕೇಳುತ್ತಾರಾ?

2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಬಿಎಸ್-5 ಬಿಟ್ಟು ನೇರವಾಗಿ 6ಕ್ಕೆ ಹಾರುವ ತೀರ್ಮಾನ ಮಾಡಿತು. ಗಡುವು 2020ರ ಏಪ್ರಿಲ್ 1. ಇಂಜೆಕ್ಷನ್ನೇ ಹಾಕಿ ಅಂತ ನಿಯಮ ಹೇಳಲಿಲ್ಲ. ಹೊಗೆಯಲ್ಲಿ ವಿಷ ಇಷ್ಟು ಮೀರಬಾರದು ಅಂದಿತು, ಅಷ್ಟೇ. ಹೇಗೆ ಅನ್ನೋದು ಕಂಪನಿಯ ತಲೆನೋವು. ಹೆಚ್ಚಿನವರು ಇಂಜೆಕ್ಷನ್‌ಗೆ ಹೋದರು. ಕೆಲವು ಮಾದರಿಗಳು ಎಲೆಕ್ಟ್ರಾನಿಕ್ ಕಾರ್ಬ್ಯುರೇಟರ್‌ನಲ್ಲೇ ಪಾಸಾದವು. ಈ ಜಾಣತನ ನನಗೆ ಹಿಡಿಸಿತು.

ಪೆಟ್ರೋಲ್, ಡೀಸೆಲ್ ಕೂಡ ಬದಲಾಯಿತು. ಹತ್ತು ಲಕ್ಷ ಭಾಗಕ್ಕೆ 50ರವರೆಗೆ ಇರಬಹುದಾಗಿದ್ದ ಗಂಧಕದ ಮಿತಿ 10ಕ್ಕೆ ಇಳಿಯಿತು. ಇದಾಗದಿದ್ದರೆ ಹೊಗೆಯ ವಿಷ ತಗ್ಗಿಸುವ ಎಂಥಾ ಒಳ್ಳೆ ಕ್ಯಾಟಲಿಟಿಕ್ ಕನ್ವರ್ಟರ್ ಹಾಕಿದರೂ ಗಂಧಕ ಅದನ್ನು ಕೆಡಿಸುತ್ತದೆ.

ಗಡುವು ಮುಂದಕ್ಕೆ ಹೋಗಬಹುದು ಅನ್ನೋ ಆಸೆ ಕಂಪನಿಗಳಿಗೆ ಇದ್ದೇ ಇರುತ್ತದೆ. ಆದರೆ 2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟ್, ಏಪ್ರಿಲ್ 1ರಿಂದ ಹಳೇ ಬಿಎಸ್-3 ಮಟ್ಟದ ಗಾಡಿ ಮಾರುವಂತಿಲ್ಲ ಅಂದುಬಿಟ್ಟಿತ್ತು. ಮಾರಾಟವಾಗದೆ ಉಳಿದಿದ್ದು ಎಂಟು ಲಕ್ಷಕ್ಕೂ ಜಾಸ್ತಿ. ಆ ಎರಡು ದಿನ ಶೋರೂಮ್‌ಗಳ ಮುಂದೆ ಜಾತ್ರೆ, ಸಾವಿರಾರು ರೂಪಾಯಿ ಡಿಸ್ಕೌಂಟ್! ಆ ಪೆಟ್ಟು ತಿಂದ ಮೇಲೆ 2020ರ ಗಡುವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಲಿಲ್ಲ ಅಂತ ನನ್ನ ಲೆಕ್ಕ.

ಎಲ್ಲರೂ ಹೊಸದನ್ನು ಕಂಡುಹಿಡಿಯುವುದಿಲ್ಲ, ಕೆಲವರು ಆಟವನ್ನೇ ಬಿಡುತ್ತಾರೆ. ಡೀಸೆಲ್ ಕಾರಿನ ನೈಟ್ರೋಜನ್ ಆಕ್ಸೈಡ್ ಮಿತಿ ಕಿಲೋಮೀಟರಿಗೆ 250 ಮಿಲಿಗ್ರಾಂನಿಂದ 80ಕ್ಕೆ ಬಂತು. ಅಷ್ಟು ಇಳಿಸುವ ಖರ್ಚು ಸಣ್ಣ ಕಾರಿಗೆ ಗಿಟ್ಟುವುದಿಲ್ಲ. ಮಾರುತಿ ಡೀಸೆಲ್ ಕಾರನ್ನೇ ನಿಲ್ಲಿಸಿತು.

ನಮ್ಮಂಥವರ ಪಾಡು ಯಾವ ನಿಯಮದಲ್ಲೂ ಇರುವುದಿಲ್ಲ, ಅಲ್ವಾ? ಇಂಜಿನ್‌ನ ದೋಷ ತೋರಿಸುವ ಸ್ಕ್ಯಾನರ್ ಕೊಂಡೆ. ಸೆನ್ಸರ್ ಯಾವುದು, ವೈರ್ ಯಾವುದು ಅಂತ ಕಲಿಯುವಷ್ಟರಲ್ಲಿ ಎರಡು ವರ್ಷ ಹೋಯಿತು. ಗಿರಾಕಿಗಳೂ ಹೊಸ ಬೈಕಿನ ಬೆಲೆ ಕೇಳಿ ಹಿಂದೆ ಸರಿಯುತ್ತಾರೆ. ನಿಯಮ ಇರುವುದು ಹೊಸ ಗಾಡಿಗೆ ಮಾತ್ರ. ಪಕ್ಕದ ಬೀದಿಯ ಹಾಲಿನವರು ಈಗಲೂ 2009ರ ಬೈಕ್ ತರುತ್ತಾರೆ. ನಾನು ಅದೇ ಹಳೇ ಸ್ಕ್ರೂಡ್ರೈವರ್ ತೆಗೆಯುತ್ತೇನೆ.