ಡಿಕ್ಕಿಗೆ ಹೋದ ಬ್ಯಾಟರಿ, ನಿಲ್ಲದ ಎಂಜಿನ್

ಪ್ರಶ್ನೆ: ಮಾನ್ಯರೇ, ನಾನು ಅಮೆರಿಕದ ಡಲ್ಲಾಸ್‌ನಲ್ಲಿ ನೆಲೆಸಿದ್ದೇನೆ. ಡ್ರ್ಯಾಗ್ ರೇಸಿಗೆಂದು (ನಿಂತಲ್ಲಿಂದ ಚಿಮ್ಮಿ ನೇರ ದಾರಿಯಲ್ಲಿ ಓಡುವ ಪಂದ್ಯ) ನನ್ನ 1993ರ ಫೋರ್ಡ್ ಮಸ್ಟಾಂಗ್ ಕಾರಿನ ಬ್ಯಾಟರಿಯನ್ನು ಬಾನೆಟ್ ಕೆಳಗಿನಿಂದ ಡಿಕ್ಕಿಗೆ ಸರಿಸಿ, ಹಿಂದಿನ ಬಂಪರ್ ಬಳಿ ಕಟ್‌ಆಫ್ ಸ್ವಿಚ್ ಹಾಕಿಸಿದೆ. ಓಟದ ಮೊದಲು ತಪಾಸಣೆಯವರು ಎಂಜಿನ್ ಓಡುತ್ತಿರುವಾಗಲೇ ಆ ಸ್ವಿಚ್ ಆರಿಸಿದರು. ಎಂಜಿನ್ ನಿಲ್ಲಲಿಲ್ಲ, ನನ್ನನ್ನು ವಾಪಸ್ ಕಳುಹಿಸಿದರು. ತಪ್ಪು ಎಲ್ಲಾಗಿದೆ? ಹುಬ್ಬಳ್ಳಿಯಲ್ಲಿರುವ ತಮ್ಮನೂ ತನ್ನ ಸ್ವಿಫ್ಟ್‌ಗೆ ಹೀಗೆಯೇ ಮಾಡಿಸಬೇಕೆಂದಿದ್ದಾನೆ. ಮಾಡಿಸಬಹುದೇ?
— ಓದುಗರೊಬ್ಬರು

ಉತ್ತರ: ತಪಾಸಣೆಯವರು ಮಾಡಿದ್ದು ಸರಿ. ಬ್ಯಾಟರಿಯನ್ನು ಹಿಂದಕ್ಕೆ ಸರಿಸಿದ ಕಾರಿನಲ್ಲಿ, ಹೊರಗೆ ನಿಂತವರು ಸ್ವಿಚ್ ಆರಿಸಿದೊಡನೆ ಇಗ್ನಿಷನ್ ಸಮೇತ ಎಲ್ಲ ವಿದ್ಯುತ್ತೂ ನಿಲ್ಲಬೇಕೆಂಬುದು ಅಲ್ಲಿ ಡ್ರ್ಯಾಗ್ ರೇಸ್‌ಗಳನ್ನು ನಡೆಸುವ ಎನ್‌ಎಚ್‌ಆರ್‌ಎ ಸಂಸ್ಥೆಯ ನಿಯಮ. ಕಾರು ಗೋಡೆಗೆ ಬಡಿದು ಚಾಲಕನಿಗೆ ಪ್ರಜ್ಞೆಯಿಲ್ಲದಿರುವಾಗ ಪೆಟ್ರೋಲ್ ಪಂಪ್ ಓಡುತ್ತಲೇ ಇದ್ದರೆ ಏನಾದೀತೆಂದು ಬಿಡಿಸಿ ಹೇಳಬೇಕಾಗಿಲ್ಲ.

ನಿಮ್ಮ ಕಾರಿನ ಎಂಜಿನ್ ನಿಲ್ಲದಿರುವುದಕ್ಕೆ ಆಲ್ಟರ್ನೇಟರ್, ಅಂದರೆ ಓಡುವ ಕಾರಿನಲ್ಲಿ ವಿದ್ಯುತ್ ಉತ್ಪಾದಿಸುವ ಯಂತ್ರ, ಕಾರಣವಾಗಿರಬೇಕು. ಕಂಪನಿಯ ವೈರಿಂಗ್‌ನಲ್ಲಿ ಆಲ್ಟರ್ನೇಟರಿನ ದಪ್ಪ ತಂತಿ ಎಂಜಿನ್ ಬಳಿಯೇ, ಬ್ಯಾಟರಿಯ ಪಾಸಿಟಿವ್ ಕೇಬಲ್ ಬಂದು ಸೇರುವ ಟರ್ಮಿನಲ್‌ಗೆ ಕೂಡಿಕೊಳ್ಳುತ್ತದೆ. ಸಾಮಾನ್ಯವಾಗಿ ಮೆಕ್ಯಾನಿಕ್‌ಗಳು ಅದನ್ನು ಮುಟ್ಟದೆ, ಡಿಕ್ಕಿಯಿಂದ ಆ ಟರ್ಮಿನಲ್‌ಗೆ ಒಂದೇ ಕೇಬಲ್ ಎಳೆದು ನಡುವೆ ಸ್ವಿಚ್ ಇಟ್ಟುಬಿಡುತ್ತಾರೆ. ಆಗ ಸ್ವಿಚ್ ಆರಿಸಿದರೆ ಬ್ಯಾಟರಿ ಮಾತ್ರ ಕಳಚಿಕೊಳ್ಳುತ್ತದೆಯೇ ಹೊರತು, ಎಂಜಿನ್ನೇ ತಿರುಗಿಸುತ್ತಿರುವ ಆಲ್ಟರ್ನೇಟರ್ ಇಗ್ನಿಷನ್ ಕಾಯಿಲ್‌ಗೂ ಪೆಟ್ರೋಲ್ ಪಂಪ್‌ಗೂ ವಿದ್ಯುತ್ ಉಣಿಸುತ್ತಲೇ ಇರುತ್ತದೆ. ಪರಿಹಾರವೆಂದರೆ, ಆಲ್ಟರ್ನೇಟರಿನ ಆ ದಪ್ಪ ತಂತಿಯನ್ನು ಅಲ್ಲಿಂದ ಬಿಚ್ಚಿ, ಪ್ರತ್ಯೇಕವಾಗಿ ಡಿಕ್ಕಿಯವರೆಗೆ ಒಯ್ದು, ಸ್ವಿಚ್ಚಿನ ಎರಡು ಬೋಲ್ಟ್‌ಗಳ ಪೈಕಿ ಬ್ಯಾಟರಿಯ ಕಡೆಯದಕ್ಕೆ ಜೋಡಿಸಬೇಕು. ಡಿಕ್ಕಿಯ ತುದಿಯಲ್ಲಿ ಆಲ್ಟರ್ನೇಟರಿನ ಸಾಮರ್ಥ್ಯಕ್ಕೆ ತಕ್ಕ ಫ್ಯೂಸ್ ಇರಲೇಬೇಕು. ಇದರಿಂದ ಇನ್ನೊಂದು ಲಾಭವೂ ಇದೆ: ಸ್ವಿಚ್ ಆರಿದಾಗಲೂ ಆಲ್ಟರ್ನೇಟರ್ ಬ್ಯಾಟರಿಗೆ ಅಂಟಿಕೊಂಡೇ ಇರುವುದರಿಂದ ವೋಲ್ಟೇಜ್ ಹಠಾತ್ತನೆ ಜಿಗಿದು ಆಲ್ಟರ್ನೇಟರಿನ ಡಯೋಡ್ ಅಥವಾ ಕಾರಿನ ಕಂಪ್ಯೂಟರ್ ಸುಡುವ ಭಯವಿರುವುದಿಲ್ಲ.

ಮತ್ತೆ ತಪಾಸಣೆಗೆ ಹೋಗುವ ಮುನ್ನ ಉಳಿದದ್ದನ್ನೂ ನೋಡಿಕೊಳ್ಳಿ. ಒತ್ತುವ, ಎಳೆಯುವ ಬಗೆಯ ಸ್ವಿಚ್ ಆಗಿದ್ದರೆ ಒತ್ತಿದಾಗಲೇ ಆರಬೇಕು. ಬ್ಯಾಟರಿಯನ್ನು ಲೋಹದ ಪಟ್ಟಿಯಿಂದ, 3/8 ಇಂಚಿಗೆ ಕಡಿಮೆಯಿಲ್ಲದ ಬೋಲ್ಟ್ ಹಾಕಿ ಬಿಗಿದಿರಬೇಕು. ಹಿಂದಿನ ಸೀಟಿನ ಬೆನ್ನಿಗೆ ಬರೀ ರಟ್ಟು, ಬಟ್ಟೆ ಇದ್ದರೆ ಸಾಲದು; 0.024 ಇಂಚಿನ ಉಕ್ಕಿನ ಅಥವಾ 0.032 ಇಂಚಿನ ಅಲ್ಯುಮಿನಿಯಂ ತಗಡಿನ ತಡೆಗೋಡೆ ಬೇಕು. ಇಲ್ಲವೇ ಬ್ಯಾಟರಿಯನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಚಾರ್ಜ್ ಆಗುವಾಗ ಹೊಮ್ಮುವ ಜಲಜನಕ ಕೊಳವೆಯ ಮೂಲಕ ಕಾರಿನ ಹೊರಗೆ ಹೋಗುವಂತೆ ಮಾಡಬೇಕು.

ಕೇಬಲ್ ವಿಷಯದಲ್ಲಿ ಜಿಪುಣತನ ಬೇಡ. ಸೆಲ್ಫ್ ಹೊಡೆಯುವಾಗ 200 ಆಂಪಿಯರ್ ಹರಿಯುತ್ತದೆಂದರೆ, 5 ಮೀಟರ್ ಉದ್ದದ 4 ಗೇಜ್ ತಾಮ್ರದ ಕೇಬಲ್‌ನಲ್ಲಿ ಸುಮಾರು 0.8 ವೋಲ್ಟ್ ಸೋರಿಹೋಗುತ್ತದೆ. ಅದಕ್ಕಿಂತ ದಪ್ಪನೆಯ 1/0 ಗೇಜ್ ಆದರೆ 0.3 ವೋಲ್ಟ್ ಅಷ್ಟೆ. ತಗಡು ದಾಟುವಲ್ಲೆಲ್ಲ ರಬ್ಬರ್ ಬುಷ್ ಇರಲಿ. ಅರ್ತ್ ಕೊಡುವ ಜಾಗದಲ್ಲಿ ಬಣ್ಣ ಕೆರೆದು, ಹೊಳೆಯುವ ಲೋಹಕ್ಕೇ ಬೋಲ್ಟ್ ಹಾಕಿಸಿ. ಎಂಜಿನ್‌ನಿಂದ ಬಾಡಿಗೂ ಒಂದು ದಪ್ಪ ಅರ್ತ್ ಪಟ್ಟಿ ಬೇಕು.

ಇಷ್ಟೆಲ್ಲ ತಾಪತ್ರಯದಿಂದ ಸಿಗುವುದೆಷ್ಟು? 18 ಕಿಲೋ ತೂಕದ ಬ್ಯಾಟರಿ 3.2 ಮೀಟರ್ ಹಿಂದಕ್ಕೆ ಸರಿಯಿತೆಂದುಕೊಂಡರೆ, ನಿಮ್ಮ ಕಾರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2.55 ಮೀಟರ್ ಆದ್ದರಿಂದ, ಕಾರನ್ನು ತಳ್ಳುವ ಹಿಂದಿನ ಚಕ್ರಗಳ ಮೇಲೆ ಸುಮಾರು 22.5 ಕಿಲೋ ಹೆಚ್ಚುತ್ತದೆ. ಬ್ಯಾಟರಿಯನ್ನು ಬಲಭಾಗದಲ್ಲೇ ಕೂರಿಸಿ. ಕಾರು ಚಿಮ್ಮುವಾಗ, ಹಿಂಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ತಿರುಚುವ ಬಲಕ್ಕೆ ಹಗುರಾಗುವುದು ಬಲ ಹಿಂಚಕ್ರವೇ.

ನಿಮ್ಮ ತಮ್ಮನ ಲೆಕ್ಕ ಮಾತ್ರ ತಿರುಗುಮುರುಗಾಗಿದೆ. ಸ್ವಿಫ್ಟ್ ಕಾರನ್ನು ಎಳೆಯುವುದು ಮುಂದಿನ ಚಕ್ರಗಳು. ಹೊರಡುವ ಗಳಿಗೆಯಲ್ಲಿ ಹೇಗೂ ಹಗುರಾಗುವ ಆ ಚಕ್ರಗಳಿಂದ ಬ್ಯಾಟರಿಯ ಭಾರವನ್ನೂ ಕಿತ್ತುಕೊಂಡರೆ ಟೈರ್ ಇದ್ದಲ್ಲೇ ಇನ್ನಷ್ಟು ಸುತ್ತುತ್ತದೆ, ಮೇಲಿಂದ ಕೇಬಲ್ಲಿನ ತೂಕ ಬೇರೆ. ಅವರ ಬ್ಯಾಟರಿ ಇದ್ದಲ್ಲೇ ಇರಲಿ. ತೂಕ ಇಳಿಸುವ ಆಸೆಯಿದ್ದರೆ ಓಟದ ದಿನ ಡಿಕ್ಕಿಯಲ್ಲಿರುವ ಸ್ಟೆಪ್ನಿ, ಜ್ಯಾಕ್‌ಗಳನ್ನು ಕೆಳಗಿಳಿಸಲಿ.