ಬೆನ್ನ ಮೇಲಿನ ಮಚ್ಚೆ ಉಬ್ಬಿದೆ, ಹೆದರಬೇಕಾ?

ಬೆನ್ನ ಮೇಲಿನ ಎರಡು ಮಚ್ಚೆ ಈಚೆಗೆ ಉಬ್ಬಿವೆ, ಕ್ಯಾನ್ಸರ್ ಇರಬಹುದಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಆದರೆ ನಮ್ಮ ಚಿಗವ್ವನ ಜೊತೆ ಒಂದು ವರ್ಷ ಹುಬ್ಬಳ್ಳಿಯ ಆಸ್ಪತ್ರೆಗೆ ಓಡಾಡಿದ್ದೇನೆ. ಅಲ್ಲಿ ತಿಳಿದದ್ದನ್ನು ಹೇಳುತ್ತೇನೆ.

ಮೊದಲು ಧೈರ್ಯದ ಮಾತು. ಮಚ್ಚೆಗಳಲ್ಲಿ ಬಹುಪಾಲು ಏನೂ ಮಾಡುವುದಿಲ್ಲ. ದುಂಡಗೆ, ಒಂದೇ ಬಣ್ಣದಲ್ಲಿ, ವರ್ಷಗಟ್ಟಲೆ ಇದ್ದ ಹಾಗೇ ಇರುತ್ತವೆ. ಮೊದಲಿನಿಂದಲೂ ಉಬ್ಬಿರುವುದಕ್ಕೆ, ಕೂದಲು ಇರುವುದಕ್ಕೆ ಸುಮ್ನೆ ಹೆದರಬೇಡಿ. ವಯಸ್ಸಾದವರ ಬೆನ್ನ ಮೇಲೆ ಮೇಣ ಅಂಟಿಸಿದಂತೆ ಒರಟಾದ ಕಂದು ಉಬ್ಬು ಬರುತ್ತದಲ್ಲ, ಅದು ಮಚ್ಚೆಯೇ ಅಲ್ಲ, ಅಪಾಯವೂ ಇಲ್ಲ.

ಅನುಮಾನ ಪಡಬೇಕಾದದ್ದು ಬೇರೆ ಥರ ಇರುತ್ತದೆ. ಅರ್ಧ ಒಂದು ಆಕಾರ, ಇನ್ನರ್ಧ ಇನ್ನೊಂದು. ಅಂಚು ಶಾಯಿ ಹರಡಿದ ಹಾಗೆ. ಒಂದರಲ್ಲೇ ಎರಡು ಮೂರು ಬಣ್ಣ. ಅಗಲ 6 ಮಿಲಿಮೀಟರ್‌ಗಿಂತ ಜಾಸ್ತಿ, ಆದರೆ ಸಣ್ಣದನ್ನೂ ಪೂರ್ತಿ ನಂಬುವಂತಿಲ್ಲ. ಎಲ್ಲಕ್ಕಿಂತ ಮುಖ್ಯ, ಕೆಲವೇ ತಿಂಗಳಲ್ಲಿ ಬದಲಾಗುವುದು, ತುರಿಸುವುದು, ರಕ್ತ ಬರುವುದು. ಮೈಮೇಲಿನ ಉಳಿದ ಮಚ್ಚೆಗಳ ನಡುವೆ ಒಂದೇ ಒಂದು ಅಕ್ಕಿಯೊಳಗಿನ ಕಲ್ಲಿನಂತೆ ಬೇರೆಯಾಗಿ ಕಂಡರೂ ತೋರಿಸಬೇಕು.

ಹೀಗೆ ಮಚ್ಚೆಯಂತೆ ಕಾಣುವ ಚರ್ಮದ ಕ್ಯಾನ್ಸರಿಗೆ ಮೆಲನೋಮಾ ಅನ್ನುತ್ತಾರೆ. ನಮ್ಮಂಥ ಕಪ್ಪು ಮೈಬಣ್ಣದವರಿಗೆ ಅದು ಬರುವುದು ಕಡಿಮೆ. ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಅಡಿ. ಬಿಸಿಲು ಅಷ್ಟಾಗಿ ಬೀಳದ ಜಾಗ! ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಚಿಗವ್ವ ಬ್ಯಾಡಗಿ ಕಡೆಯ ಹಳ್ಳಿಯವಳು, ಮೆಣಸಿನಕಾಯಿ ಹೊಲದಲ್ಲಿ ಬರಿಗಾಲಲ್ಲೇ ದುಡಿದವಳು. ಹಿಮ್ಮಡಿಯ ಕಪ್ಪು ಕಲೆಯನ್ನು ಮುಳ್ಳು ಚುಚ್ಚಿದ ಗುರುತು ಅಂದುಕೊಂಡು ಸುಣ್ಣ ಹಚ್ಚುತ್ತಾ ಕಾಲ ಕಳೆದಳು. ಕೊನೆಗೆ ಡಾಕ್ಟರ್ ಲೈಟಿರುವ ಲೆನ್ಸ್ ಹಿಡಿದು ನೋಡಿ, ಚೂರು ಕತ್ತರಿಸಿ ಲ್ಯಾಬಿಗೆ ಕಳಿಸಿದರು. ಮೆಲನೋಮಾ ಅಂತ ಬಂತು. ಆಪರೇಷನ್ ಆಗಿದೆ, ಈಗ ನಡೆದಾಡುತ್ತಾಳೆ. ಆದರೆ ಹೋದ ಆ ತಿಂಗಳುಗಳನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಉಗುರಿನ ವಿಷಯ: ಹಲವು ಉಗುರುಗಳಲ್ಲಿ ಕಂದು ಗೆರೆ ನಮ್ಮವರಲ್ಲಿ ಸಾಮಾನ್ಯ. ಒಂದೇ ಉಗುರಲ್ಲಿ ಗೆರೆ ಅಗಲವಾಗುತ್ತಾ, ಬುಡದ ಚರ್ಮಕ್ಕೂ ಕಪ್ಪು ಹರಡಿದರೆ ತಡ ಮಾಡಬೇಡಿ.

ದಯವಿಟ್ಟು ದಾರ ಕಟ್ಟಬೇಡಿ, ಪಾರ್ಲರ್‌ನಲ್ಲಿ ಸುಡಿಸಬೇಡಿ. ಸುಟ್ಟ ಮೇಲೆ ಪರೀಕ್ಷೆಗೆ ಏನೂ ಉಳಿಯುವುದಿಲ್ಲ.

ನಿಮ್ಮ ಮಚ್ಚೆ ಈಚೆಗೆ ಬದಲಾಗಿದೆ ಅಂದಿರಲ್ಲ, ಹಾಗಾಗಿ ಈ ವಾರವೇ ಚರ್ಮದ ಡಾಕ್ಟರಿಗೆ ತೋರಿಸಿ. ಹುಬ್ಬಳ್ಳಿಯ ಕಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲೂ (ಈಗಿನ ಹೆಸರು ಕೆಎಂಸಿಆರ್‌ಐ) ಚರ್ಮರೋಗ ವಿಭಾಗ ಇದೆ. ಹೋದಾಗ ಚಪ್ಪಲಿ ಬಿಚ್ಚಿ, ಅಂಗಾಲನ್ನೂ ನೋಡಿರಿ ಅಂತ ನೀವೇ ಕೇಳಿ.