ಇಪ್ಪತ್ತಮೂರರಲ್ಲಿ ಕೆಮಿಸ್ಟ್ರಿ

ಹಾಸನದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ನ್ಯೂಜೆರ್ಸಿಯ ಮಗಳ ಮನೆಯಿಂದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಹೀಗಿದೆ:

"ನನ್ನ ಮೊಮ್ಮಗಳು ಹಿಸ್ಟರಿಯಲ್ಲಿ ಡಿಗ್ರಿ ಮುಗಿಸಿ ಒಂದು ವರ್ಷ ಕೆಲಸ ಮಾಡಿದಳು. ಈಗ 23ನೇ ವಯಸ್ಸಿಗೆ ಡಾಕ್ಟರ್ ಆಗಬೇಕಂತೆ. ಅದಕ್ಕೆ ಮೊದಲು ಕೆಮಿಸ್ಟ್ರಿ, ಫಿಸಿಕ್ಸ್, ಬಯಾಲಜಿ ಅಂತ ಎರಡು ವರ್ಷ ಮತ್ತೆ ಕಾಲೇಜು. ಇದೆಲ್ಲ ನಮ್ಮಲ್ಲಿ ಪಿಯುಸಿಗೇ ಮುಗಿಯುವ ಪಾಠ. ನಮ್ಮೂರಲ್ಲಾಗಿದ್ದರೆ ಈ ಹೊತ್ತಿಗೆ ಹೌಸ್ ಸರ್ಜನ್ಸಿ ಮಾಡುತ್ತಿದ್ದಳು. ನಾಲ್ಕು ವರ್ಷದ ಹಿಸ್ಟರಿ ದಂಡವಾಯಿತಲ್ಲ? ಬೇಡ ಅಂತ ಬುದ್ಧಿ ಹೇಳಲೇ? ಹೋದ ವರ್ಷ ನನ್ನ ಹೆಂಡತಿಯನ್ನು ರಾತ್ರಿ ಎಮರ್ಜೆನ್ಸಿಗೆ ಕರೆದುಕೊಂಡು ಹೋದಾಗ ಅಜ್ಜಿಯ ಕನ್ನಡವನ್ನು ಡಾಕ್ಟರಿಗೆ ಇವಳೇ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಅವತ್ತಿನಿಂದ ಈ ಹುಚ್ಚು ಹತ್ತಿದೆ."

ಹಿರಿಯರೇ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ದಯವಿಟ್ಟು ಬೇಡ ಅನ್ನಬೇಡಿ.

ನಿಮ್ಮ ಆತಂಕ ಸುಳ್ಳಲ್ಲ. ಬ್ಯಾಂಕಿನಲ್ಲಿದ್ದವರು, ಲೆಕ್ಕ ನೀವೇ ಹಾಕಿರುತ್ತೀರಿ. ಈ ಪಾಠಗಳಿಗೆ ಎರಡು ವರ್ಷ, ಅರ್ಜಿ ಹಾಕಿ ಕಾಯಲು ಒಂದು ವರ್ಷ, ಮೆಡಿಕಲ್ ಸ್ಕೂಲಿಗೆ ನಾಲ್ಕು, ಆಮೇಲೆ ಆಸ್ಪತ್ರೆಯಲ್ಲಿ ತರಬೇತಿ, ಅಂದರೆ ರೆಸಿಡೆನ್ಸಿ, ಕಡಿಮೆಯೆಂದರೂ ಮೂರು. ಹುಡುಗಿಗೆ 33 ಆಗಿರುತ್ತದೆ. ಸಾಲ ಜಾಸ್ತಿ. ಸೀಟು ಸಿಕ್ಕೇ ಸಿಗುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ. ಇದೆಲ್ಲ ನಿಜ.

ಆದರೆ "ದಂಡ" ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ.

ಅಮೆರಿಕದಲ್ಲಿ ಮೆಡಿಕಲ್ ಓದುವವರು ಸಾಮಾನ್ಯವಾಗಿ ಮೊದಲು ಒಂದು ಡಿಗ್ರಿ ಮುಗಿಸುತ್ತಾರೆ. ಯಾವ ವಿಷಯವಾದರೂ ನಡೆಯುತ್ತದೆ. ಹಿಸ್ಟರಿ, ಸಂಗೀತ, ಎಕನಾಮಿಕ್ಸ್, ಏನು ಬೇಕಾದರೂ. ಅದರ ಜತೆಗೆ ಕೆಲವು ಪಾಠಗಳು ಆಗಿರಬೇಕು. ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್, ಒಂದೊಂದೂ ಹೆಚ್ಚುಕಡಿಮೆ ವರ್ಷದ ಓದು, ಲ್ಯಾಬ್ ಸಮೇತ. ಮೇಲೆ ಬಯೋಕೆಮಿಸ್ಟ್ರಿ. ಪಟ್ಟಿ ಒಂದೊಂದು ಕಡೆ ಸ್ವಲ್ಪ ಬೇರೆ. ಡಿಗ್ರಿಯಲ್ಲಿ ಇವನ್ನು ಓದದವರು ಆಮೇಲೆ ಬಂದು ಓದಬಹುದು. ಅದಕ್ಕೆ ಅಲ್ಲಿ ಪೋಸ್ಟ್‌ಬ್ಯಾಕ್ ಅನ್ನುತ್ತಾರೆ. ನಿಮ್ಮ ಮೊಮ್ಮಗಳು ಹೊಸದಾಗಿ ಹುಡುಕಿದ ದಾರಿ ಇದಲ್ಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1955ರಿಂದ ಇದಕ್ಕೆಂದೇ ವ್ಯವಸ್ಥೆ ಇದೆ. ನಿಮ್ಮ ಪಕ್ಕದ ಪೆನ್ಸಿಲ್ವೇನಿಯಾದ ಬ್ರಿನ್ ಮಾರ್ ಕಾಲೇಜಿನಲ್ಲಿ 1972ರಿಂದ.

ಪಿಯುಸಿ ಪಾಠ ಅಂದಿರಿ. ನಾನೂ ಪಿಯುಸಿಯಲ್ಲಿ ಸೈನ್ಸ್ ಓದಿದವನೇ. ನಮ್ಮ ಲ್ಯಾಬ್ ಹೇಗಿತ್ತು ಗೊತ್ತೇ? ಸೀನಿಯರ್‌ಗಳ ರೆಕಾರ್ಡ್ ಬುಕ್ ನೋಡಿ ನಮ್ಮದನ್ನು ತುಂಬಿಸುತ್ತಿದ್ದೆವು. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಅಟೆಂಡರ್ ಪಕ್ಕಕ್ಕೆ ಬಂದು ಸಾಲ್ಟ್ ಯಾವುದು ಅಂತ ಕಿವಿಯಲ್ಲಿ ಹೇಳಿ ಹೋಗುತ್ತಿದ್ದರು. ಉತ್ತರ ಮೊದಲು ಗೊತ್ತಾಗುತ್ತಿತ್ತು, ಆಮೇಲೆ ಪ್ರಯೋಗ ಬರೆಯುತ್ತಿದ್ದೆವು. 17 ವರ್ಷದ ಹುಡುಗ ಹೆದರಿಕೆಯಲ್ಲಿ ಉರು ಹೊಡೆದ ಕೆಮಿಸ್ಟ್ರಿಯೂ, 23 ವರ್ಷದವಳು ತಾನೇ ಬೇಕೆಂದು ಹೋಗಿ ಕಲಿಯುವ ಕೆಮಿಸ್ಟ್ರಿಯೂ ಒಂದೇ ಅಂತ ನನಗೆ ಯಾರು ಹೇಳಿದರೂ ನಂಬಲಾರೆ.

ಇನ್ನು ಹಿಸ್ಟರಿಯ ಮಾತು. ಅಲ್ಲಿನ ಪ್ರವೇಶ ಪರೀಕ್ಷೆ ಎಂಕ್ಯಾಟ್‌ನಲ್ಲಿ 230 ಪ್ರಶ್ನೆಗಳಿವೆ. ಅದರಲ್ಲಿ 53 ಪ್ರಶ್ನೆಗಳ ಒಂದು ಇಡೀ ಭಾಗಕ್ಕೆ ಸೈನ್ಸ್ ಬೇಕಿಲ್ಲ. ಇತಿಹಾಸ, ಕಲೆ, ತತ್ವಶಾಸ್ತ್ರ, ಸಮಾಜ, ಇಂಥ ವಿಷಯಗಳ ಬರಹ ಕೊಟ್ಟು ಇವರು ಏನು ಹೇಳುತ್ತಿದ್ದಾರೆ, ಎಲ್ಲಿ ಜಾರಿದ್ದಾರೆ ಅಂತ ಕೇಳುತ್ತಾರೆ. ಸೈನ್ಸ್ ಚೆನ್ನಾಗಿ ಓದಿದ ಎಷ್ಟೋ ಮಕ್ಕಳು ಒದ್ದಾಡುವುದು ಇಲ್ಲೇ. ನಿಮ್ಮ ಮೊಮ್ಮಗಳು ನಾಲ್ಕು ವರ್ಷ ಮಾಡಿದ್ದು ಇದೇ ಕೆಲಸ ಅಲ್ವಾ?

ಅಮೆರಿಕದ ಮೆಡಿಕಲ್ ಓದಿಗೆ ಇಂದಿನ ರೂಪ ಬರುವುದರಲ್ಲಿ ದೊಡ್ಡ ಪಾಲು ಇದ್ದ ಮನುಷ್ಯ ಡಾಕ್ಟರೇ ಅಲ್ಲ. ಅಬ್ರಹಾಂ ಫ್ಲೆಕ್ಸ್ನರ್ ಎಂಬ ಮೇಷ್ಟ್ರು. ಕಾಲೇಜಿನಲ್ಲಿ ಓದಿದ್ದು ಗ್ರೀಕ್, ಲ್ಯಾಟಿನ್. ಅಮೆರಿಕ, ಕೆನಡಾದ 155 ಮೆಡಿಕಲ್ ಸ್ಕೂಲುಗಳನ್ನು ಸುತ್ತಿ 1910ರಲ್ಲಿ ವರದಿ ಕೊಟ್ಟರು. ಮೊದಲು ಕಾಲೇಜಿನಲ್ಲಿ ಕೆಮಿಸ್ಟ್ರಿ, ಬಯಾಲಜಿ, ಫಿಸಿಕ್ಸ್ ಕಲಿತು ಬರಲಿ, ಆಮೇಲೆ ರೋಗಿಯ ಹತ್ತಿರ ಬಿಡಿ ಅಂದರು. (ಆ ವರದಿಯ ನಂತರ ಕಪ್ಪು ಜನರಿಗಿದ್ದ ಏಳು ಮೆಡಿಕಲ್ ಸ್ಕೂಲುಗಳಲ್ಲಿ ಐದು ಮುಚ್ಚಿಹೋದವು. ಆ ಅನ್ಯಾಯವನ್ನೂ ಮರೆಯಬಾರದು.) ಹೆರಾಲ್ಡ್ ವಾರ್ಮಸ್ ಅವರನ್ನು ನೋಡಿ. ಡಿಗ್ರಿಯಲ್ಲಿ ಇಂಗ್ಲಿಷ್ ಸಾಹಿತ್ಯ, ಹಾರ್ವರ್ಡಿನಲ್ಲಿ ಎಂ.ಎ. ಕೂಡ ಸಾಹಿತ್ಯದಲ್ಲೇ. ಹಾರ್ವರ್ಡ್ ಮೆಡಿಕಲ್ ಸ್ಕೂಲ್ ಎರಡು ಸಲ ಬೇಡ ಅಂದಿತು. ಕೊಲಂಬಿಯಾ ಸೇರಿಸಿಕೊಂಡಿತು. 1989ರಲ್ಲಿ ಕ್ಯಾನ್ಸರಿನ ಜೀನುಗಳ ಕೆಲಸಕ್ಕೆ ನೊಬೆಲ್ ಬಂತು. ಅದಕ್ಕೂ ಹಿಂದಿನ ಮಾತು ಬೇಕಾದರೆ ಆಲ್ಬರ್ಟ್ ಶ್ವೈಟ್ಜರ್. ತತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು, ಧರ್ಮಶಾಸ್ತ್ರ ಪಾಠ ಮಾಡುತ್ತಿದ್ದವರು, 1905ರಲ್ಲಿ, 30 ತುಂಬಿದ ಮೇಲೆ ಮೆಡಿಕಲ್ ಓದಲು ಕೂತರು.

ದೊಡ್ಡವರ ಕಥೆ ಬಿಡಿ ಅನ್ನಬಹುದು. ನ್ಯೂಯಾರ್ಕಿನ ಮೌಂಟ್ ಸೈನೈ ಮೆಡಿಕಲ್ ಸ್ಕೂಲಿನವರು 1987ರಲ್ಲಿ ಒಂದು ಪ್ರಯೋಗವನ್ನೇ ಮಾಡಿದರು. ಸಾಹಿತ್ಯ, ಇತಿಹಾಸ ಓದುವ ಕೆಲವರನ್ನು ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್, ಎಂಕ್ಯಾಟ್ ಯಾವುದೂ ಇಲ್ಲದೆ ಸೇರಿಸಿಕೊಂಡರು. 2010ರಲ್ಲಿ ಲೆಕ್ಕ ಪ್ರಕಟವಾಯಿತು. ಮೊದಲ ಲೈಸೆನ್ಸ್ ಪರೀಕ್ಷೆಯಲ್ಲಿ ಅವರ ಅಂಕ ಸ್ವಲ್ಪ ಕಡಿಮೆ. ಉಳಿದಂತೆ ಮೆಡಿಕಲ್ ಓದಿನಲ್ಲಿ ಬೇರೆಯವರ ಸಮಕ್ಕೆ ನಿಂತಿದ್ದರು.

ನನ್ನ ತಾಯಿಯ ಒಂದು ಸಂಗತಿ ಹೇಳಬೇಕು. ಬಿಪಿ ಹತೋಟಿಗೆ ಬರುತ್ತಿರಲಿಲ್ಲ. ದೊಡ್ಡ ಆಸ್ಪತ್ರೆಯೊಂದರಲ್ಲಿ ಮೂರು ಸಲ ಡೋಸ್ ಏರಿಸಿದರು. ಕೊನೆಗೆ ಊರಿನ ಒಬ್ಬ ಡಾಕ್ಟರ ಹತ್ತಿರ ಹೋದೆವು. ಅವರು ಓದುವ ಕಾಲದಲ್ಲಿ ನಾಟಕ ಆಡುತ್ತಿದ್ದವರು, ಮಾತು ಕೇಳುವ ತಾಳ್ಮೆ ಇದ್ದವರು. ಚೀಟಿ ನೋಡಲೇ ಇಲ್ಲ. "ಅಮ್ಮಾ, ಮಾತ್ರೆ ಎಲ್ಲಿ ಇಟ್ಕೊಳ್ತೀರಿ?" ಅಂದರು. ಅಮ್ಮ ಸೆರಗು ಮುಂದೆ ತಂದು ತೋರಿಸಿದಳು. ಒಂದು ಮೂಲೆಯ ಗಂಟಿನಲ್ಲಿ ಬೆಳಗಿನ ಮಾತ್ರೆ, ಇನ್ನೊಂದರಲ್ಲಿ ರಾತ್ರಿಯದು. ಒಲೆ ಮುಂದೆ, ಕೊಟ್ಟಿಗೆಯಲ್ಲಿ, ಬೆವರಿನಲ್ಲಿ ದಿನವಿಡೀ. ಗಂಟು ಬಿಚ್ಚಿದರೆ ಒಳಗೆ ಬಿಳಿ ಪುಡಿ. ಆ ಪುಡಿಯನ್ನೇ ನಾಲಿಗೆ ಮೇಲೆ ಹಾಕಿಕೊಂಡು ನೀರು ಕುಡಿಯುತ್ತಿದ್ದಳು. ಡಾಕ್ಟರು ಡೋಸ್ ಇಳಿಸಿ, ಒಂದು ಸ್ಟೀಲ್ ಡಬ್ಬಿ ತಗೊಳ್ಳಿ ಅಂದರು. ಒಂದು ತಿಂಗಳಲ್ಲಿ ಬಿಪಿ ಇಳಿಯಿತು. ಆ ಪ್ರಶ್ನೆ ಯಾವ ಗೈಡಿನಲ್ಲಿ ಸಿಗುತ್ತದೆ ಹೇಳಿ.

ನಮ್ಮಲ್ಲಿ ಏನು ಮಾಡುತ್ತಿದ್ದೇವೆ? ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರದಲ್ಲೇ ಪಿಸಿಎಂಬಿಯೋ ಪಿಸಿಎಂಸಿಯೋ ಅಂತ ತೀರ್ಮಾನ ಆಗಬೇಕು. ಮೀಸೆ ಮೂಡದ ಹುಡುಗರನ್ನು ಹಾಸ್ಟೆಲಿಗೆ ಹಾಕಿ ಬೆಳಗ್ಗೆ ಐದರಿಂದ ರಾತ್ರಿ ಹನ್ನೊಂದರವರೆಗೆ ನೀಟ್‌ಗೆ ತಿಕ್ಕುತ್ತೇವೆ. 180 ಪ್ರಶ್ನೆ, 720 ಅಂಕ. ಒಂದು ಪುಟ ಓದಿ ಅರ್ಥ ಹೇಳು ಅನ್ನುವ ಪ್ರಶ್ನೆ ಒಂದೂ ಇಲ್ಲ. ಕನ್ನಡ ಕ್ಲಾಸು ಬಂದರೆ ಆ ಹೊತ್ತಿಗೆ ಫಿಸಿಕ್ಸ್ ಟೆಸ್ಟ್ ಇಡುತ್ತಾರೆ. ಹದಿನೈದಕ್ಕೆ ಆರ್ಟ್ಸ್ ತಗೊಂಡವನು ಇಪ್ಪತ್ತಕ್ಕೆ ಮನಸ್ಸು ಬದಲಾಯಿಸಿದರೆ ಮನೆಯವರೇ ನಗುತ್ತಾರೆ. ಈಚೆಗೆ ಬಾಗಿಲು ಸ್ವಲ್ಪ ತೆರೆದಿದೆ, ಅದನ್ನೂ ಹೇಳಬೇಕು. ನೀಟ್ ಬರೆಯಲು ಇದ್ದ ಗರಿಷ್ಠ ವಯಸ್ಸಿನ ಮಿತಿಯನ್ನು 2022ರಲ್ಲಿ ತೆಗೆದರು. ಪಿಯುಸಿಯಲ್ಲಿ ಬಯಾಲಜಿ ಬಿಟ್ಟವರು ಆಮೇಲೆ ಅದನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದರೂ ಸರಿ ಅಂತ 2023ರ ನವೆಂಬರಿನಲ್ಲಿ ಹೇಳಿದರು. ಈ ಸುದ್ದಿ ಎಷ್ಟು ಮನೆಗಳಿಗೆ ಮುಟ್ಟಿದೆ? ಎಷ್ಟು ಅಪ್ಪಂದಿರು ಮಗಳನ್ನು ಕೂರಿಸಿಕೊಂಡು, ನಿನಗೆ ಈಗಲೂ ಆಸೆ ಇದೆಯಾ ಅಂತ ಕೇಳಿದ್ದಾರೆ?

ಮೊಮ್ಮಗಳಿಗೆ ಹೇಳಲೇಬೇಕು ಅಂದರೆ ಇಷ್ಟು ಹೇಳಿ. ತಾನು ಸೇರಬೇಕೆಂದಿರುವ ಮೆಡಿಕಲ್ ಸ್ಕೂಲುಗಳು ಯಾವ ಪಾಠ ಕೇಳುತ್ತವೆ, ಕಮ್ಯೂನಿಟಿ ಕಾಲೇಜಿನಲ್ಲಿ (ಕಡಿಮೆ ಫೀಸಿನ ಸ್ಥಳೀಯ ಸರ್ಕಾರಿ ಕಾಲೇಜು) ಓದಿದ್ದನ್ನು ಒಪ್ಪುತ್ತವೆಯೇ ಅಂತ ಮೊದಲೇ ನೋಡಿಕೊಳ್ಳಲಿ. ಅಲ್ಲಿ ಓದಿದರೆ ಖರ್ಚು ಎಷ್ಟೋ ಉಳಿಯುತ್ತದೆ. ಆರ್ಗ್ಯಾನಿಕ್ ಕೆಮಿಸ್ಟ್ರಿಯನ್ನೂ ಫಿಸಿಕ್ಸನ್ನೂ ಒಟ್ಟಿಗೆ ತಲೆ ಮೇಲೆ ಹೊರುವುದು ಬೇಡ, ಕೆಲಸವೂ ಮಾಡುತ್ತಿದ್ದರೆ ಇನ್ನೂ ಬೇಡ. ಆಸ್ಪತ್ರೆಯಲ್ಲಿ ವಾರಕ್ಕೆ ಕೆಲವು ಗಂಟೆ ಸೇವೆ ಮಾಡಲಿ, ಅರ್ಜಿಯಲ್ಲಿ ಅದನ್ನೂ ನೋಡುತ್ತಾರೆ.

ನೀವು ಪತ್ರದ ಕೊನೆಯಲ್ಲಿ ಎರಡು ಸಾಲಿನಲ್ಲಿ ಮುಗಿಸಿದ ಆ ರಾತ್ರಿಯ ವಿಷಯ ನನ್ನ ತಲೆಯಿಂದ ಹೋಗುತ್ತಿಲ್ಲ. ನಮ್ಮ ಕಡೆಯ ಹೆಂಗಸರು ನೋವನ್ನು ನೋವು ಅನ್ನುವುದಿಲ್ಲ. "ಒಂಥರಾ ಸಂಕಟ" ಅನ್ನುತ್ತಾರೆ. ಅದು ಎದೆಯದೋ ಹೊಟ್ಟೆಯದೋ ಮನಸ್ಸಿನದೋ, ಹೇಳಿದವರ ಮುಖ ನೋಡಿಯೇ ತಿಳಿಯಬೇಕು. ನಿಮ್ಮ ಮನೆಯವರೂ ಅವತ್ತು ಹಾಗೇ ಅಂದಿರಬಹುದು. ಆ ಮಾತನ್ನು ನಿಮ್ಮ ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಗೆ ಹೇಳಿದಳು? ಅವಳನ್ನೇ ಕೇಳಿ ನಮಗೊಂದು ಸಾಲು ಬರೆದು ಕಳಿಸಿ.

– ಸಂ.